ಅಂಡಾಶಯದ ನೀರುಗುಳ್ಳೆ: ನೆಗಡಿಗೆ ಮೂಗು ಕೊಯ್ಯಬೇಕೇ?

ಬೀದರ್ ತಾಲ್ಲೂಕಿನ ಮನ್ನಳ್ಳಿಯಂಥ ಊರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಆ ಮನೆಯ ಸೊಸೆಗೆ ಮೂವತ್ತೆರಡು ವರ್ಷ, ಎರಡು ಮಕ್ಕಳ ತಾಯಿ. ಉದ್ದಿನ ಹೊಲದಲ್ಲಿ ಬಗ್ಗಿ ಕಳೆ ತೆಗೆಯುವಾಗ ಎಡಗಡೆಯ ಕಿಬ್ಬೊಟ್ಟೆಯಲ್ಲಿ ಆಗಾಗ ನೋವು. ಹದಿನೈದು ದಿನ ಯಾರಿಗೂ ಹೇಳದೆ ತಾಳಿಕೊಂಡಳು. ಮುಟ್ಟು ನಾಲ್ಕು ದಿನ ಮುಂದೆ ಹೋದ ಮೇಲೆ ಗಂಡನೊಡನೆ ಬೀದರ್‌ಗೆ ಹೋಗಿ ಸ್ಕ್ಯಾನಿಂಗ್ ಮಾಡಿಸಿಕೊಂಡು ಬಂದಳು. ಕೈಯಲ್ಲಿ ಇಂಗ್ಲಿಷಿನಲ್ಲಿ ಬರೆದ ಒಂದು ಹಾಳೆ. ಎಡ ಅಂಡಾಶಯದಲ್ಲಿ 4 ಸೆಂಟಿಮೀಟರಿನ ಒಂದು ಸಿಸ್ಟ್ ಇದೆ ಎಂಬುದಷ್ಟೇ ಅದರ ಸಾರ. ಓಣಿಯಲ್ಲಿ ಸುದ್ದಿ ಹಬ್ಬುವ ಹೊತ್ತಿಗೆ ಅದು ‘ಹೊಟ್ಟ್ಯಾಗ ಗಡ್ಡಿ ಆಗ್ಯಾದಂತ’ ಎಂದಾಯಿತು. ಸಂಜೆ ಮಾತಾಡಿಸಲು ಬಂದ ನೆರೆಮನೆಯ ಹಿರಿಯಳು, ‘ಹೆಂಗೂ ಎರಡು ಮಕ್ಕಳಾಗ್ಯಾವ. ಚೀಲಾನೇ ತೆಗಸಿ ಬಿಡವ್ವಾ, ಪೀಡಾ ಹೋಗ್ತದ’ ಎಂದಳು. ಮಾವ ಸಾಲ ಎಲ್ಲಿ ಹುಟ್ಟೀತು ಎಂದು ಲೆಕ್ಕ ಹಾಕತೊಡಗಿದರು.

ಇದು ಯಾವುದೇ ಒಂದು ಮನೆಯ ಕಥೆಯಲ್ಲ. ಸ್ಕ್ಯಾನಿಂಗ್ ಯಂತ್ರ ಸಣ್ಣ ಪಟ್ಟಣಗಳಿಗೂ ಬಂದ ಮೇಲೆ ಹಲವು ಮನೆಗಳಲ್ಲಿ ನಡೆಯುತ್ತಿರುವ ಸಂಗತಿ. ‘ಸಿಸ್ಟ್’ ಎಂಬ ಎರಡಕ್ಷರದ ಪದ ಕೇಳಿದೊಡನೆ ಕ್ಯಾನ್ಸರ್ ಎಂದು ಭಾವಿಸುವವರುಂಟು. ಹಾಗಾದರೆ ಈ ಸಿಸ್ಟ್ ಎಂದರೇನು? ಅದು ಎಲ್ಲಿಂದ ಬರುತ್ತದೆ? ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಹೆದರಬೇಕಾಗಿಲ್ಲ?

ತಿಂಗಳಿಗೊಂದು ಗುಳ್ಳೆ

ಗರ್ಭಕೋಶದ ಎರಡೂ ಬದಿಗೆ ಒಂದೊಂದು ಅಂಡಾಶಯವಿದೆ. ಗಾತ್ರದಲ್ಲಿ ಹೆಚ್ಚುಕಡಿಮೆ ಸಿಪ್ಪೆಸಹಿತ ಬಾದಾಮಿಯಷ್ಟು. ಹೆಣ್ಣು ಮಗು ಹುಟ್ಟುವಾಗಲೇ ಇವುಗಳಲ್ಲಿ ಹತ್ತಿಪ್ಪತ್ತು ಲಕ್ಷ ಅಂಡಕಣಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಉಳಿಯುವುದು ಮೂರು ನಾಲ್ಕು ಲಕ್ಷ. ಜೀವಮಾನದಲ್ಲಿ ಪೂರ್ಣ ಬಲಿತು ಹೊರಬರುವವು ನಾಲ್ಕೈದು ನೂರು ಮಾತ್ರ.

ಪ್ರತಿಯೊಂದು ಅಂಡಕಣದ ಸುತ್ತ ಒಂದು ಕೋಶವಿರುತ್ತದೆ. ಹಾಲೆಂಡಿನ ವೈದ್ಯ ರೆಗ್ನಿಯರ್ ಡಿ ಗ್ರಾಫ್ 1672ರಲ್ಲಿ ಇವುಗಳನ್ನು ವಿವರವಾಗಿ ವರ್ಣಿಸಿದ. ಆದ್ದರಿಂದ ಬಲಿತ ಕೋಶಕ್ಕೆ ಇಂದಿಗೂ ‘ಗ್ರಾಫಿಯನ್ ಕೋಶ’ ಎಂಬ ಹೆಸರಿದೆ. ಪ್ರತಿ ತಿಂಗಳು ಇಂಥ ಕೆಲವು ಕೋಶಗಳು ಬೆಳೆಯಲು ಆರಂಭಿಸುತ್ತವೆ. ಅವುಗಳಲ್ಲಿ ಸಾಮಾನ್ಯವಾಗಿ ಒಂದು ಮಾತ್ರ ಮುಂದುವರಿದು, ಒಳಗೆ ದ್ರವ ತುಂಬಿಕೊಂಡು, ಸುಮಾರು 2 ಸೆಂ.ಮೀ. ದಪ್ಪವಾಗುತ್ತದೆ. ಮುಂದಿನ ಮುಟ್ಟಿಗೆ ಹದಿನಾಲ್ಕು ದಿನ ಇರುವಾಗ ಅದು ಒಡೆದು ಅಂಡಕಣ ಹೊರಬೀಳುತ್ತದೆ. ಒಡೆದ ಕೋಶ ಹಳದಿ ಬಣ್ಣದ ಗ್ರಂಥಿಯಾಗಿ ಮಾರ್ಪಟ್ಟು ಪ್ರೊಜೆಸ್ಟರಾನ್ ಎಂಬ ಹಾರ್ಮೋನನ್ನು ಸ್ರವಿಸುತ್ತದೆ. ಗರ್ಭ ನಿಲ್ಲದಿದ್ದರೆ ಎರಡು ವಾರದಲ್ಲಿ ಬಾಡಿ ಹೋಗುತ್ತದೆ.

ಅಂದರೆ ಆರೋಗ್ಯವಂತ ಹೆಂಗಸಿನ ಅಂಡಾಶಯದಲ್ಲಿ ತಿಂಗಳಿಗೊಂದು ನೀರುಗುಳ್ಳೆ ಏಳುವುದು, ಒಡೆಯುವುದು, ಅಡಗುವುದು ಪ್ರಕೃತಿಯ ನಿಯಮ. ಮುಟ್ಟಾಗುವ ವಯಸ್ಸಿನಲ್ಲಿ ಇದು ರೋಗವಲ್ಲ.

ಈ ಕ್ರಮದಲ್ಲಿ ಕೆಲವೊಮ್ಮೆ ಸಣ್ಣ ವ್ಯತ್ಯಾಸವಾಗುತ್ತದೆ. ಒಡೆಯಬೇಕಾದ ಕೋಶ ಒಡೆಯದೆ ದ್ರವ ತುಂಬಿಕೊಳ್ಳುತ್ತಲೇ ಹೋಗಿ 3, 4 ಅಥವಾ 5 ಸೆಂ.ಮೀ. ಆಗಬಹುದು. ಇಲ್ಲವೆ ಒಡೆದ ಕೋಶ ಬಾಡದೆ, ಬಾಯಿ ಮುಚ್ಚಿಕೊಂಡು, ಒಳಗೆ ನೀರು ಅಥವಾ ಸ್ವಲ್ಪ ರಕ್ತ ತುಂಬಿಕೊಳ್ಳಬಹುದು. ಈ ಎರಡನೆಯ ಬಗೆಯಲ್ಲಿ ಮುಟ್ಟು ಕೆಲವು ದಿನ ಮುಂದೆ ಹೋಗುವುದೂ ಉಂಟು. ಮುಟ್ಟಾಗುವ ವಯಸ್ಸಿನವರಲ್ಲಿ ಕಾಣುವ ಸಿಸ್ಟ್‌ಗಳಲ್ಲಿ ಹೆಚ್ಚಿನವು ಈ ಎರಡೇ. ಬಹುಪಾಲು ಎರಡು ಮೂರು ಮುಟ್ಟಿನೊಳಗೆ ತಾವಾಗಿಯೇ ಇಂಗಿ ಹೋಗುತ್ತವೆ.

ತಾವಾಗಿ ಹೋಗದವು

ಎಲ್ಲ ಸಿಸ್ಟ್‌ಗಳೂ ಹೀಗೆ ಮಾಯವಾಗುವುದಿಲ್ಲ. ಬೇರೆ ಜಾತಿಯವೂ ಇವೆ.

‘ಡರ್ಮಾಯ್ಡ್’ ಎಂಬುದು ಅಂಡಕಣವನ್ನು ಹುಟ್ಟಿಸುವ ಮೂಲ ಜೀವಕೋಶಗಳಿಂದಲೇ ಬೆಳೆಯುತ್ತದೆ. ಈ ಜೀವಕೋಶಗಳಿಗೆ ದೇಹದ ಯಾವ ಅಂಗಾಂಶವನ್ನಾದರೂ ಬೆಳೆಸುವ ಶಕ್ತಿ ಇರುವುದರಿಂದ ಇದರೊಳಗೆ ಕೂದಲು, ಕೊಬ್ಬು, ಒಮ್ಮೊಮ್ಮೆ ಹಲ್ಲು ಸಹ ಸಿಗುತ್ತವೆ. ಇದನ್ನು ಕಂಡು ಮಾಟ, ಮದ್ದು ಎಂದು ಗಾಬರಿಯಾಗಬೇಕಿಲ್ಲ. ಮದುವೆಯಾಗದ ಹುಡುಗಿಯಲ್ಲಿ ಕಂಡರೆ ಸಂಶಯಪಡುವುದಂತೂ ಘೋರ ಅನ್ಯಾಯ. ಇದಕ್ಕೂ ಬಸಿರಿಗೂ ಸಂಬಂಧವೇ ಇಲ್ಲ.

‘ಚಾಕೊಲೇಟ್ ಸಿಸ್ಟ್’ ಮತ್ತೊಂದು. ಗರ್ಭಕೋಶದ ಒಳಪೊರೆಯನ್ನು ಹೋಲುವ ಅಂಗಾಂಶ ಅಂಡಾಶಯದಲ್ಲಿ ಬೆಳೆದು, ಮುಟ್ಟಿನ ಕಾಲಕ್ಕೆ ಅಲ್ಲಿಯೂ ರಕ್ತ ಸುರಿಸುತ್ತದೆ. ಹೊರಹೋಗಲು ದಾರಿಯಿಲ್ಲದ ಆ ರಕ್ತ ಹಳತಾಗಿ ಕಂದು ಪಾಕದಂತೆ ಕಾಣುವುದರಿಂದ ಈ ಹೆಸರು. ಮುಟ್ಟಿನಲ್ಲಿ ವಿಪರೀತ ನೋವು, ಗಂಡನೊಡನೆ ಕೂಡುವಾಗ ನೋವು, ಮಕ್ಕಳಾಗಲು ತಡ ಇದರ ಮುಖ್ಯ ಲಕ್ಷಣಗಳು.

ಅಂಡಾಶಯದ ಮೇಲ್ಪದರದಿಂದ ಬೆಳೆಯುವ ‘ಸಿಸ್ಟಡೆನೋಮ’ ಮೂರನೆಯದು. ಇದು ಸಾಮಾನ್ಯವಾಗಿ ಕ್ಯಾನ್ಸರ್ ಅಲ್ಲ. ಆದರೆ ಗಾತ್ರದಲ್ಲಿ ಎಲ್ಲವನ್ನೂ ಮೀರಿಸಿ ಹೊಟ್ಟೆ ತುಂಬ ಬೆಳೆಯಬಲ್ಲದು.

ಇನ್ನು ‘ಪಿ.ಸಿ.ಓ.ಎಸ್.’ ಎಂಬುದನ್ನು ಇವುಗಳ ಜೊತೆ ಬೆರೆಸಬಾರದು. ಇದನ್ನು 1935ರಲ್ಲಿ ಅಮೆರಿಕದ ವೈದ್ಯರಾದ ಸ್ಟೈನ್ ಮತ್ತು ಲೆವೆಂಥಾಲ್ ವರ್ಣಿಸಿದರು. ಅಂಡಾಶಯದ ತುಂಬ ಜೋಳದ ಕಾಳಿನಂಥ ಸಣ್ಣ ಗುಳ್ಳೆಗಳು ಕಂಡರೂ ಅವು ನಿಜವಾದ ಸಿಸ್ಟ್‌ಗಳಲ್ಲ, ಅರ್ಧಕ್ಕೆ ಬೆಳವಣಿಗೆ ನಿಂತ ಅಂಡಕೋಶಗಳು. ಮೂಲ ತೊಂದರೆ ಹಾರ್ಮೋನುಗಳ ಏರುಪೇರು. ಮುಟ್ಟು ತಿಂಗಳುಗಟ್ಟಲೆ ಬಾರದಿರುವುದು, ಮುಖದ ಮೇಲೆ ಕೂದಲು, ಮೊಡವೆ, ತೂಕ ಏರುವುದು ಇದರ ಚಿಹ್ನೆಗಳು. ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವವೂ ಹೆಚ್ಚು. ಊಟದಲ್ಲಿ ಹಿತಮಿತ, ವ್ಯಾಯಾಮ, ಅಗತ್ಯವಿದ್ದರೆ ಮಾತ್ರೆ ಇದರ ಚಿಕಿತ್ಸೆ. ಗುಳ್ಳೆಗಳನ್ನು ಕೊಯ್ದು ತೆಗೆಯುವ ಪ್ರಶ್ನೆಯೇ ಬರುವುದಿಲ್ಲ.

ಲಕ್ಷಣಗಳು ಯಾವುವು?

ಬಹಳಷ್ಟು ಸಿಸ್ಟ್‌ಗಳಿಗೆ ಲಕ್ಷಣವೇ ಇರುವುದಿಲ್ಲ. ಬೇರೆ ಯಾವುದೋ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗ ಕಣ್ಣಿಗೆ ಬೀಳುತ್ತವೆ. ಸ್ವಲ್ಪ ದೊಡ್ಡವಾದರೆ ಕಿಬ್ಬೊಟ್ಟೆಯ ಒಂದು ಬದಿಗೆ ಮಂದ ನೋವು ಅಥವಾ ಭಾರ, ಹೊಟ್ಟೆ ಉಬ್ಬರ, ಮೂತ್ರಕೋಶ ಒತ್ತಿದ್ದರಿಂದ ಪದೇ ಪದೇ ಮೂತ್ರ, ಮಲಬದ್ಧತೆ, ಮುಟ್ಟಿನಲ್ಲಿ ಏರುಪೇರು ಕಾಣಬಹುದು. ಸೊಂಟ ನೋವಿಗೂ ಬಿಳಿಸೆರಗಿಗೂ ಬೇರೆ ಕಾರಣಗಳೇ ಹೆಚ್ಚು. ಅವೆಲ್ಲಕ್ಕೂ ಸ್ಕ್ಯಾನಿನಲ್ಲಿ ಕಂಡ ಗುಳ್ಳೆಯನ್ನು ಹೊಣೆ ಮಾಡುವುದು ಸರಿಯಲ್ಲ.

ಆದರೆ ಕೆಲವು ಲಕ್ಷಣಗಳು ಕಂಡರೆ ಒಂದು ರಾತ್ರಿಯೂ ಕಾಯಬಾರದು. ಇದ್ದಕ್ಕಿದ್ದಂತೆ ಒಂದು ಬದಿಗೆ ತಡೆಯಲಾರದ ನೋವು ಬಂದು ವಾಂತಿಯಾದರೆ, ಸಿಸ್ಟ್ ಇರುವ ಅಂಡಾಶಯ ತನ್ನ ಬುಡದಲ್ಲಿ ಹಗ್ಗ ಹೊಸೆದಂತೆ ತಿರುಚಿಕೊಂಡಿರಬಹುದು. ಆಗ ಅದಕ್ಕೆ ರಕ್ತ ಹೋಗುವುದು ನಿಲ್ಲುತ್ತದೆ. ಬೇಗ ಆಸ್ಪತ್ರೆ ಸೇರಿದರೆ ತಿರುಚನ್ನು ಬಿಡಿಸಿ ಅಂಡಾಶಯವನ್ನು ಉಳಿಸಲು ಸಾಧ್ಯ. ತಡವಾದರೆ ಅದು ಸತ್ತು ಹೋಗಬಹುದು. ನೋವಿನೊಡನೆ ತಲೆಸುತ್ತು, ಬೆವರು, ಮೂರ್ಛೆ ಇದ್ದರೆ ಗುಳ್ಳೆ ಒಡೆದು ಒಳಗೆ ರಕ್ತಸ್ರಾವವಾಗುತ್ತಿರಬಹುದು. ಮುಟ್ಟು ನಿಂತು ಹೀಗಾದರೆ ಗರ್ಭನಾಳದಲ್ಲಿ ಬಸಿರು ನಿಂತು ಒಡೆದಿರುವ ಸಂಭವವೂ ಉಂಟು. ಇದು ಪ್ರಾಣಾಪಾಯ. ಆದ್ದರಿಂದಲೇ ಮುಟ್ಟು ತಡವಾಗಿ ಹೊಟ್ಟೆ ನೋಯುವವರಿಗೆ ಮೊದಲು ಮೂತ್ರದಲ್ಲಿ ಗರ್ಭಪರೀಕ್ಷೆ ಮಾಡಬೇಕು. ಇಂಥ ಹೊತ್ತಿನಲ್ಲಿ ‘ನಾಭಿ ಸರಿದಿದೆ’ ಎಂದು ಹೊಟ್ಟೆ ತಿಕ್ಕಿಸುವುದು, ಕಷಾಯ ಕುಡಿಸಿ ಬೆಳಗಾಗಲೆಂದು ಕಾಯುವುದು ಅಪಾಯಕ್ಕೆ ದಾರಿ.

ಸ್ಕ್ಯಾನ್ ಹೇಳುವುದೇನು?

ಸ್ಕ್ಯಾನಿಂಗ್ ಎಂದರೆ ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನು ಹೊಟ್ಟೆಯೊಳಗೆ ಕಳಿಸಿ, ಹಿಂದಿರುಗಿದ ಪ್ರತಿಧ್ವನಿಯಿಂದ ಚಿತ್ರ ಬಿಡಿಸುವುದು. ನೀರು ಪ್ರತಿಧ್ವನಿ ಕೊಡುವುದಿಲ್ಲ, ಕಪ್ಪಾಗಿ ಕಾಣುತ್ತದೆ. ಗಟ್ಟಿ ಮಾಂಸ ಬೂದು ಅಥವಾ ಬಿಳಿಯಾಗಿ ಕಾಣುತ್ತದೆ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಪ್ರಸೂತಿ ತಜ್ಞ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು 1958ರಲ್ಲಿ ಈ ವಿಧಾನದ ಬಗ್ಗೆ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಲೇಖನ ಪ್ರಕಟಿಸಿದರು. ಹೊಟ್ಟೆಯ ಕ್ಯಾನ್ಸರ್ ಕೈಮೀರಿದೆ ಎಂದು ವೈದ್ಯರು ಆಸೆ ಬಿಟ್ಟಿದ್ದ ಒಬ್ಬ ಹೆಂಗಸನ್ನು ಅವರು ಈ ಯಂತ್ರದಿಂದ ಪರೀಕ್ಷಿಸಿದಾಗ ಕಂಡದ್ದು ದೊಡ್ಡದೊಂದು ಅಂಡಾಶಯದ ಸಿಸ್ಟ್. ಅದನ್ನು ತೆಗೆದ ಮೇಲೆ ಆಕೆ ಗುಣಮುಖಳಾದಳು. ಸುಳ್ಳು ಕ್ಯಾನ್ಸರಿನ ಭಯದಿಂದ ಒಬ್ಬಳನ್ನು ಪಾರು ಮಾಡಿ ಹೆಸರಾದ ಯಂತ್ರ ಇಂದು ಅದೇ ಭಯವನ್ನು ಹಬ್ಬಿಸಲು ಬಳಕೆಯಾದರೆ ಅದು ಯಂತ್ರದ ತಪ್ಪಲ್ಲ.

ವರದಿಯಲ್ಲಿ ‘ಸಿಂಪಲ್’ ಎಂದಿದ್ದರೆ ಗುಳ್ಳೆಯ ಗೋಡೆ ತೆಳುವಾಗಿದೆ, ಒಳಗೆ ಬರೀ ನೀರಿದೆ, ಅಡ್ಡಗೋಡೆಗಳಿಲ್ಲ, ಗಟ್ಟಿ ಭಾಗವಿಲ್ಲ ಎಂದರ್ಥ. ಮುಟ್ಟಾಗುವ ವಯಸ್ಸಿನವರಲ್ಲಿ 5 ಸೆಂ.ಮೀ. ಒಳಗಿನ ಇಂಥ ಗುಳ್ಳೆಗೆ ಚಿಕಿತ್ಸೆ ಬೇಕಿಲ್ಲ. 5ರಿಂದ 7 ಸೆಂ.ಮೀ. ಇದ್ದರೆ ವರ್ಷಕ್ಕೊಮ್ಮೆ ನೋಡುತ್ತಿದ್ದರೆ ಸಾಕು. ಅದಕ್ಕೂ ದೊಡ್ಡದಾದರೆ ಹೆಚ್ಚಿನ ಪರೀಕ್ಷೆ ಅಥವಾ ಶಸ್ತ್ರಕ್ರಿಯೆಯ ಯೋಚನೆ. ಇದು ಬ್ರಿಟನ್ನಿನ ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜು 2011ರಲ್ಲಿ ಕೊಟ್ಟ ಸಲಹೆ. ‘ಕಾಂಪ್ಲೆಕ್ಸ್’, ‘ಸೆಪ್ಟಾ’, ‘ಸಾಲಿಡ್’ ಎಂಬ ಪದಗಳಿದ್ದರೆ ತಜ್ಞರು ಕೂಲಂಕಷವಾಗಿ ನೋಡಬೇಕು. ಆಗಲೂ ಕ್ಯಾನ್ಸರೇ ಎಂದಲ್ಲ. ರಕ್ತ ತುಂಬಿದ ಸಾಧಾರಣ ಗುಳ್ಳೆಯೂ ಡರ್ಮಾಯ್ಡೂ ಹೀಗೆಯೇ ಕಾಣುತ್ತವೆ.

‘ಸಿ.ಎ. 125’ ಎಂಬ ರಕ್ತಪರೀಕ್ಷೆಯ ಬಗ್ಗೆಯೂ ಒಂದು ಮಾತು. 35ಕ್ಕಿಂತ ಮೇಲೆ ಬಂದರೆ ಕ್ಯಾನ್ಸರ್ ಎಂದು ತಿಳಿಯುವುದು ತಪ್ಪು. ಮುಟ್ಟಿನ ದಿನಗಳಲ್ಲಿ, ಬಸುರಿನಲ್ಲಿ, ಚಾಕೊಲೇಟ್ ಸಿಸ್ಟ್‌ನಲ್ಲಿ ಇದು ಏರುತ್ತದೆ. ನಮ್ಮ ದೇಶದಲ್ಲಿ ಇನ್ನೂ ಕಾಡುತ್ತಿರುವ ಹೊಟ್ಟೆಯ ಕ್ಷಯದಲ್ಲಿಯೂ ಏರುತ್ತದೆ. ಕ್ಷಯದಿಂದ ಹೊಟ್ಟೆಯಲ್ಲಿ ನೀರು ತುಂಬಿದಾಗ ಅದು ಅಂಡಾಶಯದ ಕ್ಯಾನ್ಸರಿನಂತೆಯೇ ತೋರುವುದುಂಟು. ಅದಕ್ಕೆ ಬೇಕಾದದ್ದು ಕತ್ತರಿಯಲ್ಲ, ಆರು ತಿಂಗಳ ಮಾತ್ರೆ.

ಚಿಕಿತ್ಸೆ: ಕಾಯುವುದೂ ಚಿಕಿತ್ಸೆಯೇ

ಸಾಮಾನ್ಯ ಗುಳ್ಳೆಗೆ ಮೊದಲ ಚಿಕಿತ್ಸೆ ಕಾಯುವುದು. ಸಂಶಯವಿದ್ದರೆ ಎರಡು ಮೂರು ತಿಂಗಳ ನಂತರ, ಮುಟ್ಟು ನಿಂತ ಕೂಡಲೇ ಮತ್ತೊಮ್ಮೆ ಸ್ಕ್ಯಾನ್ ಮಾಡಿಸಬೇಕು. ನೋವಿಗೆ ಸಾಧಾರಣ ನೋವಿನ ಮಾತ್ರೆ ಸಾಕು.

ಗರ್ಭನಿರೋಧಕ ಮಾತ್ರೆ ಕೊಟ್ಟು ಗುಳ್ಳೆ ಕರಗಿಸುವ ರೂಢಿ ಬಹುಕಾಲದಿಂದ ಇದೆ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮಾತ್ರೆ ತೆಗೆದುಕೊಂಡವರಲ್ಲಿಯೂ ಸುಮ್ಮನೆ ಕಾದವರಲ್ಲಿಯೂ ಗುಳ್ಳೆಗಳು ಒಂದೇ ವೇಗದಲ್ಲಿ ಮಾಯವಾದವು ಎಂದು ಕಂಡುಬಂತು. ನಾಟಿ ಮದ್ದಿಗೆ ಬರುವ ಕೀರ್ತಿಯ ಗುಟ್ಟೂ ಇದೇ. ತಾನಾಗಿ ಹೋಗುವ ಗುಳ್ಳೆಗೆ ಯಾರು ಏನು ಕೊಟ್ಟರೂ ಎರಡು ತಿಂಗಳಲ್ಲಿ ಹೋಗುತ್ತದೆ. ಹೆಸರು ಮಾತ್ರ ಕೊಟ್ಟವರಿಗೆ.

ಶಸ್ತ್ರಕ್ರಿಯೆ ಬೇಕಾಗುವುದು ಗುಳ್ಳೆ ದೊಡ್ಡದಾಗಿದ್ದರೆ, ತಿಂಗಳುಗಟ್ಟಲೆ ಹೋಗದೆ ಬೆಳೆಯುತ್ತಿದ್ದರೆ, ತೀವ್ರ ನೋವಿದ್ದರೆ, ತಿರುಚಿಕೊಂಡಿದ್ದರೆ ಅಥವಾ ಕ್ಯಾನ್ಸರಿನ ಸಂಶಯವಿದ್ದರೆ. ಪ್ರಾಯದವರಲ್ಲಿ ಸಾಧ್ಯವಾದಷ್ಟೂ ಗುಳ್ಳೆಯನ್ನು ಮಾತ್ರ ಬಿಡಿಸಿ ತೆಗೆದು ಅಂಡಾಶಯವನ್ನು ಉಳಿಸುತ್ತಾರೆ. ಹೊಟ್ಟೆಯಲ್ಲಿ ಸಣ್ಣ ತೂತುಗಳನ್ನು ಮಾಡಿ ದುರ್ಬೀನಿನ ಮೂಲಕ ನಡೆಸುವ ಲ್ಯಾಪರೋಸ್ಕೋಪಿ ಇಂದು ಸಾಮಾನ್ಯ. ಒಂದು ಅಂಡಾಶಯವನ್ನೇ ತೆಗೆಯಬೇಕಾಗಿ ಬಂದರೂ ಇನ್ನೊಂದು ಚೆನ್ನಾಗಿದ್ದರೆ ಮುಟ್ಟೂ ಬಸಿರೂ ನಿಲ್ಲುವುದಿಲ್ಲ.

ಈ ಶಸ್ತ್ರಕ್ರಿಯೆಗೆ ದೊಡ್ಡ ಇತಿಹಾಸವಿದೆ. 1809ರ ಡಿಸೆಂಬರ್ 25ರಂದು ಅಮೆರಿಕದ ಕೆಂಟಕಿ ಪ್ರಾಂತದ ಡ್ಯಾನ್‌ವಿಲ್ ಎಂಬ ಊರಿನಲ್ಲಿ ಎಫ್ರೇಮ್ ಮೆಕ್‌ಡೊವೆಲ್ ಎಂಬ ವೈದ್ಯ ಜೇನ್ ಟಾಡ್ ಕ್ರಾಫರ್ಡ್ ಎಂಬಾಕೆಯ ಅಂಡಾಶಯದಿಂದ ಸುಮಾರು 10 ಕಿಲೋ ತೂಕದ ಗಡ್ಡೆಯನ್ನು ತೆಗೆದ. ಬಸಿರೆಂದು ತಿಳಿದಿದ್ದ ಆಕೆ ಸುಮಾರು ನೂರು ಕಿಲೋಮೀಟರ್ ಕುದುರೆಯ ಮೇಲೆ ಬಂದಿದ್ದಳು. ಅರಿವಳಿಕೆ ಔಷಧ ಬಳಕೆಗೆ ಬರಲು ಇನ್ನೂ ಮೂವತ್ತೇಳು ವರ್ಷ ಬೇಕಿತ್ತು. ಆಕೆ ಬದುಕಿ ಮತ್ತೆ ಮೂವತ್ತೆರಡು ವರ್ಷ ಬಾಳಿದಳು. ಬೇಕಾದಾಗ ಮಾಡಿದ ಶಸ್ತ್ರಕ್ರಿಯೆ ಜೀವ ಉಳಿಸುತ್ತದೆ ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕಿಲ್ಲ.

‘ಚೀಲ’ ತೆಗೆಸುವ ಮುನ್ನ

ಬೇಡವಾದಾಗ ಮಾಡಿದ ಶಸ್ತ್ರಕ್ರಿಯೆ ಏನು ಮಾಡುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. 2015ರಲ್ಲಿ ಪಕ್ಕದ ಕಲಬುರಗಿ ಜಿಲ್ಲೆಯಲ್ಲಿ ಅನವಶ್ಯಕವಾಗಿ ಗರ್ಭಕೋಶ ತೆಗೆದ ದೂರುಗಳು ಎದ್ದವು. ಹೊಟ್ಟೆನೋವು, ಸೊಂಟನೋವು, ಬಿಳಿಸೆರಗು ಎಂದು ಹೋದ ಬಡ ಹೆಣ್ಣುಮಕ್ಕಳಿಗೆ ಸ್ಕ್ಯಾನ್ ಮಾಡಿ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆಂದು ಹೆದರಿಸಿದರೆಂಬುದು ದೂರು. ಲಂಬಾಣಿ ತಾಂಡಾಗಳವರು, ನಲವತ್ತು ದಾಟದವರು ಅವರಲ್ಲಿ ಅನೇಕರಿದ್ದರು. ಆರೋಗ್ಯ ಇಲಾಖೆ ತನಿಖೆ ನಡೆಸಿತು. ರಾಜಸ್ಥಾನ, ಬಿಹಾರ, ಛತ್ತೀಸಗಡಗಳ ಇಂಥವೇ ದೂರುಗಳು ಸುಪ್ರೀಂ ಕೋರ್ಟಿಗೆ ಹೋಗಿದ್ದವು. ಅನಗತ್ಯ ಗರ್ಭಕೋಶ ಶಸ್ತ್ರಕ್ರಿಯೆ ತಡೆಯಲು ಕೇಂದ್ರ ಸರ್ಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ರಾಜ್ಯಗಳು ಜಾರಿಗೆ ತರಬೇಕೆಂದು ನ್ಯಾಯಾಲಯ 2023ರ ಏಪ್ರಿಲಿನಲ್ಲಿ ಆದೇಶಿಸಿತು. ಜಿಲ್ಲಾ ಮಟ್ಟದ ನಿಗಾ ಸಮಿತಿಗಳೂ ಆ ಮಾರ್ಗಸೂಚಿಯಲ್ಲಿವೆ.

ಇಲ್ಲಿ ಒಂದು ಸರಳ ಸಂಗತಿ ತಿಳಿದಿರಬೇಕು. ಗರ್ಭಕೋಶ ಬೇರೆ, ಅಂಡಾಶಯ ಬೇರೆ. ಅಂಡಾಶಯದ ಗುಳ್ಳೆಗೆ ಗರ್ಭಕೋಶ ತೆಗೆಯುವುದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ. ಮೂಗು ಕೊಯ್ದರೂ ನೆಗಡಿ ಹೋಗುವುದಿಲ್ಲ, ಗರ್ಭಕೋಶ ಹೋದ ಮೇಲೂ ಉಳಿದ ಅಂಡಾಶಯದಲ್ಲಿ ಗುಳ್ಳೆಗಳು ಬರುತ್ತಲೇ ಇರುತ್ತವೆ. ಎರಡೂ ಅಂಡಾಶಯಗಳನ್ನು ತೆಗೆದರೆ ಗುಳ್ಳೆ ಬಾರದು ನಿಜ. ಆದರೆ ನಲವತ್ತಾರು ನಲವತ್ತೇಳರ ಸುಮಾರಿಗೆ ತಾನಾಗಿ ಬರಬೇಕಾದ ಮುಟ್ಟು ನಿಲ್ಲುವ ಕಾಲ ಮೂವತ್ತೆರಡಕ್ಕೇ ಒಂದೇ ದಿನದಲ್ಲಿ ಬಂದುಬಿಡುತ್ತದೆ. ಮೈ ಬಿಸಿಯೇರುವುದು, ಬೆವರು, ನಿದ್ದೆಗೆಡುವುದು, ಮೂಳೆ ಸವೆಯುವುದು, ಹೃದಯರೋಗದ ಸಂಭವ ಹೆಚ್ಚುವುದು ಅದರ ಬೆನ್ನಿಗೇ ಬರುತ್ತವೆ. ಕೂಲಿಯಿಂದ ಬದುಕುವವಳಿಗೆ ಮೂಳೆಯ ಬಲವೇ ಆಸ್ತಿ. ಸಾಲ ಮಾಡಿ ಶಸ್ತ್ರಕ್ರಿಯೆ ಮಾಡಿಸಿಕೊಂಡು, ಸಾಲ ತೀರಿಸಲು ದುಡಿಯುವ ಶಕ್ತಿಯನ್ನೇ ಕಳೆದುಕೊಂಡರೆ ಲಾಭ ಯಾರಿಗೆ?

ಯಾರು ಅಲಕ್ಷ್ಯ ಮಾಡಬಾರದು?

ಇಷ್ಟೆಲ್ಲ ಹೇಳಿದ್ದು ಸಿಸ್ಟ್ ಎಂದರೆ ಹಗುರವಾಗಿ ತೆಗೆದುಕೊಳ್ಳಲು ಅಲ್ಲ. ಮುಟ್ಟು ನಿಂತ ಮೇಲೆ ಅಂಡಾಶಯದಲ್ಲಿ ತಿಂಗಳ ಗುಳ್ಳೆ ಏಳುವುದಿಲ್ಲ. ಆದ್ದರಿಂದ ಆ ವಯಸ್ಸಿನಲ್ಲಿ ಕಾಣುವ ಸಿಸ್ಟನ್ನು ತಜ್ಞರಿಗೆ ತೋರಿಸಲೇಬೇಕು. 5 ಸೆಂ.ಮೀ. ಒಳಗಿದ್ದು, ಬರೀ ನೀರಿದ್ದು, ರಕ್ತಪರೀಕ್ಷೆಯೂ ಸರಿಯಿದ್ದರೆ ಅಂಥವರಲ್ಲಿಯೂ ನಾಲ್ಕಾರು ತಿಂಗಳಿಗೊಮ್ಮೆ ನೋಡುತ್ತ ಕಾಯಬಹುದು. ಮೈನೆರೆಯದ ಬಾಲಕಿಯರಲ್ಲಿ ಗಡ್ಡೆ ಕಂಡರೂ ತಡಮಾಡಬಾರದು.

ಐವತ್ತು ದಾಟಿದ ಹೆಂಗಸಿಗೆ ವಾರಗಟ್ಟಲೆ ಹೊಟ್ಟೆ ಉಬ್ಬರ, ಎರಡು ತುತ್ತಿಗೇ ಹೊಟ್ಟೆ ತುಂಬಿದಂತಾಗುವುದು, ಸೀರೆ ಸೊಂಟಕ್ಕೆ ಬಿಗಿಯಾಗಿ ಮೈ ಮಾತ್ರ ಸೊರಗುವುದು ಕಂಡರೆ ಅದನ್ನು ‘ವಾಯು’ ಎಂದು ತಳ್ಳಿಹಾಕಬಾರದು. ಅಂಡಾಶಯದ ಕ್ಯಾನ್ಸರ್ ಹೀಗೆಯೇ ಸದ್ದಿಲ್ಲದೆ ಬರುತ್ತದೆ. ತಾಯಿಗೋ ಅಕ್ಕತಂಗಿಯರಿಗೋ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ ಇನ್ನೂ ಎಚ್ಚರ ಬೇಕು. ನಮ್ಮ ಮನೆಗಳಲ್ಲಿ ನಡೆಯುವುದು ಹೆಚ್ಚಾಗಿ ತಿರುಗಾಮುರುಗ. ಮೂವತ್ತರ ಸೊಸೆಯ ನೀರುಗುಳ್ಳೆಗೆ ಸಾಲ ಮಾಡುತ್ತಾರೆ, ಅರವತ್ತರ ಅತ್ತೆಯ ಹೊಟ್ಟೆ ಉಬ್ಬರಕ್ಕೆ ಓಂಕಾಳು ಕೊಟ್ಟು ಸುಮ್ಮನಾಗುತ್ತಾರೆ.

ವೈದ್ಯರನ್ನು ಕೇಳಬೇಕಾದ್ದು

ಸ್ಕ್ಯಾನ್ ಹಾಳೆ ಕೈಗೆ ಬಂದಾಗ ಸಂಕೋಚವಿಲ್ಲದೆ ಐದು ಪ್ರಶ್ನೆ ಕೇಳಬೇಕು. ಗುಳ್ಳೆ ಎಷ್ಟು ದೊಡ್ಡದು? ಒಳಗೆ ಬರೀ ನೀರೇ, ಗಟ್ಟಿ ಭಾಗವಿದೆಯೇ? ಎರಡು ತಿಂಗಳು ಕಾದರೆ ಏನಾದೀತು? ತೆಗೆಯಲೇಬೇಕಾದರೆ ಗುಳ್ಳೆಯನ್ನು ಮಾತ್ರ ತೆಗೆಯಬಹುದೇ? ಗರ್ಭಕೋಶವನ್ನೂ ತೆಗೆಯಬೇಕೆನ್ನುವುದಾದರೆ ಕಾರಣವೇನು? ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಸಿಟ್ಟಾಗುವುದಿಲ್ಲ. ಉತ್ತರ ಸಮಾಧಾನ ತರದಿದ್ದರೆ ವರದಿಯೊಡನೆ ಇನ್ನೊಬ್ಬ ತಜ್ಞರ ಬಳಿ ಹೋಗಬೇಕು. ತುರ್ತು ಲಕ್ಷಣಗಳಿಲ್ಲದಿದ್ದರೆ ಅದಕ್ಕೆ ಬೇಕಾದಷ್ಟು ಸಮಯವಿರುತ್ತದೆ. ಬೀದರ್‌ನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಾದ ‘ಬ್ರಿಮ್ಸ್’ ಆಸ್ಪತ್ರೆ ಇದೆ. ಕ್ಯಾನ್ಸರಿನ ಸಂಶಯವಿದ್ದರೆ ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಕೇಂದ್ರವಿದೆ. ಬಡ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವಿದೆ. ದಾರಿ ತೋರಿಸಲು ಊರಿನಲ್ಲಿಯೇ ಆಶಾ ಕಾರ್ಯಕರ್ತೆ ಇದ್ದಾಳೆ.

ಮೊದಲು ಹೇಳಿದ ಮನ್ನಳ್ಳಿಯ ಸೊಸೆಯ ಮಾತಿಗೆ ಬರೋಣ. ಆಕೆಯ ಗುಳ್ಳೆ 4 ಸೆಂ.ಮೀ., ಒಳಗೆ ಬರೀ ನೀರು, ಗರ್ಭಪರೀಕ್ಷೆಯಲ್ಲಿ ಬಸಿರಿಲ್ಲ ಎಂದಿಟ್ಟುಕೊಳ್ಳಿ. ಆಕೆಗೆ ಬೇಕಾದದ್ದು ನೋವಿಗೆ ಎರಡು ಮಾತ್ರೆ, ಕಾಯುವ ತಾಳ್ಮೆ, ಮತ್ತು ಏಕಾಏಕಿ ನೋವು ಹೆಚ್ಚಿದರೆ ಆ ಗಳಿಗೆಯೇ ಆಸ್ಪತ್ರೆಗೆ ಕರೆದೊಯ್ಯುವ ಮನೆಯವರು. ಮಾವ ಸಾಲಕ್ಕೆ ಹೋಗುವ ಮುನ್ನ ಆ ಹಾಳೆಯನ್ನು ಇನ್ನೊಬ್ಬ ವೈದ್ಯರಿಗೆ ತೋರಿಸಿದರೆ, ಎರಡು ಮೂರು ತಿಂಗಳ ನಂತರದ ಸ್ಕ್ಯಾನಿನಲ್ಲಿ ಆ ಕಪ್ಪು ಗುಂಡು ಕಾಣದೆ ಹೋಗುವ ಸಂಭವವೇ ಹೆಚ್ಚು. ಹೆದರಿಕೆಯಲ್ಲಿ ತೆಗೆಸಿಕೊಂಡ ಅಂಗವನ್ನು ಮತ್ತೆ ಜೋಡಿಸಲು ಬರುವುದಿಲ್ಲ. ತಿಳಿದು ಕಾದ ಎರಡು ತಿಂಗಳಿನಿಂದ ನಷ್ಟವೇನೂ ಆಗುವುದಿಲ್ಲ.